ಕುವೊಂಬೋಕಾ, ಲಿಯುವಾ ಎರಡೂ ಐದು ದಿನದಲ್ಲಿ ಆಗುತ್ತಾ?

ನನ್ನ ಪ್ಲಾನೂ ಇದೇ ಆಗಿತ್ತು. ಪಶ್ಚಿಮ ಜಾಂಬಿಯಾದ ಜಾಂಬೆಜಿ ಬಯಲಲ್ಲಿ ಲೋಜಿ ಜನರ ರಾಜರ ದೋಣಿ ಮೆರವಣಿಗೆ ಕುವೊಂಬೋಕಾ, ಮಾರನೇ ದಿನ ಲಿಯುವಾ ರಾಷ್ಟ್ರೀಯ ಉದ್ಯಾನದಲ್ಲಿ ಪ್ರಾಣಿಗಳು, ವಾರದೊಳಗೆ ವಾಪಸ್.

ಕೆಟ್ಟಿದ್ದು ತಾರೀಖಿನಲ್ಲಿ. ಹಿಂದಿನ ವರ್ಷ ಕುವೊಂಬೋಕಾ ಯಾವಾಗ ನಡೆದಿತ್ತು ಎಂದು ಹುಡುಕಿ, ಅದೇ ವಾರಕ್ಕೆ ಬೆಂಗಳೂರಿನಿಂದ ಲುಸಾಕಾಗೆ ಟಿಕೆಟ್ ಮಾಡಿಸಿದೆ. ಅಗ್ಗದ್ದು, ದುಡ್ಡು ವಾಪಸ್ ಬರುವುದಿಲ್ಲ. ನಮ್ಮ ಹಬ್ಬಗಳ ತಾರೀಖು ವರ್ಷ ಮೊದಲೇ ಕ್ಯಾಲೆಂಡರ್‌ನಲ್ಲಿ ಬಂದಿರುತ್ತದಲ್ಲ, ಇದೂ ಹಾಗೇ ಅಂದುಕೊಂಡೆ. ಕುವೊಂಬೋಕಾ ಎಂದರೆ ‘ನೀರಿನಿಂದ ಹೊರಬರುವುದು’. ಹೆಸರಲ್ಲೇ ಎಲ್ಲ ಇತ್ತು! ಬಯಲಿಗೆ ನೆರೆ ಬಂದಾಗ ಲಿಟುಂಗಾ, ಅಂದರೆ ರಾಜರು, ಲೆಯಲುಯಿಯ ಅರಮನೆ ಬಿಟ್ಟು ಎತ್ತರದ ಲಿಮುಲುಂಗಾಗೆ ದೋಣಿಯಲ್ಲಿ ಹೊರಡುತ್ತಾರೆ. ನೀರೇ ಏರದಿದ್ದರೆ ಯಾಕೆ ಹೊರಡಬೇಕು? ಮಾರ್ಚೋ ಏಪ್ರಿಲ್ಲೋ, ನೀರು ನೋಡಿ ತಡವಾಗಿ ದಿನ ಹೇಳುತ್ತಾರೆ. ಮಳೆ ಕೈಕೊಟ್ಟ ವರ್ಷ ನಡೆಯುವುದೇ ಇಲ್ಲ. ಲುಸಾಕಾದಿಂದ ಸುಮಾರು 600 ಕಿ.ಮೀ. ಬಸ್ಸಲ್ಲಿ ಕೂತು ಬಯಲಿನ ಅಂಚಿನ ಪಟ್ಟಣ ಮೊಂಗು ತಲುಪಿದರೆ ಲಾಡ್ಜಿನಾಕೆ ನಕ್ಕುಬಿಟ್ಟಳು. ಇನ್ನೂ ಎರಡು ವಾರವಂತೆ.

ಲಿಯುವಾ ಕೂಡ ಸಿಗಲಿಲ್ಲ. ಲಿಯುವಾ ದಾರಿಯ ಕಲಾಬೋ ಪಟ್ಟಣದವರೆಗೆ ಟಾರು ರಸ್ತೆಯಿದೆ, ಅದರಾಚೆ ಮಳೆಗಾಲದಲ್ಲಿ ಜೀಪು ಹೂತುಹೋಗುತ್ತದೆ. ರಾಜರನ್ನು ಹೊರಡಿಸುವ ನೀರೇ ನಿಮ್ಮನ್ನು ತಡೆಯುತ್ತದೆ. ಹಾಗಾಗಿ ಎರಡನ್ನೂ ಒಂದೇ ಸಲ ನೋಡುವ ಆಸೆ ಬಿಡಿ.

ಮೊಂಗು ಬಂದರಿನಿಂದ ದೋಣಿಯಲ್ಲಿ ಲೆಯಲುಯಿಗೆ ಹೋದೆ. ಮೊದಲು ಕೂಟಾದಲ್ಲಿ, ಅಂದರೆ ರಾಜಸಭೆಯಲ್ಲಿ, ಮಂಡಿಯೂರಿ ಚಪ್ಪಾಳೆ ತಟ್ಟಿ ಅಪ್ಪಣೆ ಕೇಳಬೇಕು. ನನ್ನ ಚಪ್ಪಾಳೆ ಭಜನೆಯ ತಾಳದ ಹಾಗಿತ್ತು, ಹಿರಿಯರೊಬ್ಬರು ಕೈ ಹಿಡಿದು ನಿಧಾನ ಮಾಡಿಸಿದರು. ರಾಜರ ದೋಣಿ ನಾಲಿಕ್ವಾಂಡಾಗೆ ಕಪ್ಪು ಬಿಳಿ ಪಟ್ಟೆ ಬಳಿಯುತ್ತಿದ್ದರು. ಮೆರವಣಿಗೆಯ ದಿನ ಅದರ ಮೇಲೆ ದೊಡ್ಡ ಆನೆಯ ಪ್ರತಿಮೆ ಇರುತ್ತದೆ. ಲಿಟುಂಗಾ ಇಳಿಯುವುದು ಬ್ರಿಟಿಷ್ ಅಡ್ಮಿರಲ್ ಸಮವಸ್ತ್ರದಲ್ಲಿ. 1902ರಲ್ಲಿ ಲೆವಾನಿಕಾ ರಾಜನಿಗೆ ಏಳನೇ ಎಡ್ವರ್ಡ್ ಕೊಟ್ಟ ಉಡುಪಿನಿಂದ ಬಂದ ರೂಢಿ ಇದು. ನನಗೆ ಸಿಕ್ಕಿದ್ದು ಬಣ್ಣದ ವಾಸನೆ ಮಾತ್ರ.

ಕುವೊಂಬೋಕಾ ಬೇಕಿದ್ದರೆ ಮೂರು ವಾರ ರಜೆ ಹಾಕಿ, ತಾರೀಖು ಬದಲಿಸಬಹುದಾದ ಟಿಕೆಟ್ ಕೊಳ್ಳಿ. ಪ್ರಾಣಿಗಳು ಬೇಕಿದ್ದರೆ ನವೆಂಬರ್‌ನಲ್ಲಿ ಲಿಯುವಾಗೆ ಹೋಗಿ, ಆಗ ವೈಲ್ಡ್‌ಬೀಸ್ಟ್ ಹಿಂಡುಗಳು ಬರುತ್ತವೆ. ಆ ಪಾರ್ಕಿನೊಳಗೇ ಹಳ್ಳಿಗಳಿವೆ, ಜನಜೀವನ ನೋಡಲು ಬೇರೆ ಪ್ರವಾಸ ಬೇಕಿಲ್ಲ. ಐದೇ ದಿನ ಅಂದರೆ ಸುಮ್ನೆ ಲಿವಿಂಗ್‌ಸ್ಟನ್‌ಗೆ ಹೋಗಿ ವಿಕ್ಟೋರಿಯಾ ಜಲಪಾತ ನೋಡಿ. ಏಪ್ರಿಲ್‌ನಲ್ಲಾದರೆ ರೇನ್‌ಕೋಟ್ ಮರೆಯಬೇಡಿ.