ಸೂತ್ರಗಳೆಲ್ಲ ಬಾಯಿಗೆ ಬರುತ್ತವೆ, ಆದರೆ ಲೆಕ್ಕಕ್ಕೆ ಯಾವ ವಿತರಣೆ ಹಾಕಬೇಕೆಂದೇ ತಿಳಿಯದು. ಅರ್ಥಶಾಸ್ತ್ರದವರು ಸಂಖ್ಯಾಶಾಸ್ತ್ರ ಅಭ್ಯಾಸ ಮಾಡುವುದು ಹೇಗೆ?

ಎಂ.ಎ. ಅರ್ಥಶಾಸ್ತ್ರದ ಮೊದಲ ವರ್ಷ, ಪಿಯುಸಿಯಲ್ಲಿ ಗಣಿತ ಇರಲಿಲ್ಲ, ಬೈನಾಮಿಯಲ್, ಪಾಯ್ಸಾನ್, ನಾರ್ಮಲ್ ಎಂಬ ಮೂರೂ ವಿತರಣೆಗಳು (ಯಾವ ಫಲಿತಾಂಶಕ್ಕೆ ಎಷ್ಟು ಸಂಭವ ಎಂದು ಹೇಳುವ ಸೂತ್ರಗಳು) ಬಾಯಿಪಾಠ ಆಗಿವೆ, ಆದರೂ ಪ್ರಶ್ನೆಪತ್ರಿಕೆ ಕೈಗೆ ಬಂದರೆ ಪೆನ್ನು ಓಡುವುದಿಲ್ಲ, ದಿನಕ್ಕೆ ಎಷ್ಟು ಲೆಕ್ಕ ಬಿಡಿಸಬೇಕು ಎಂದು ಕೇಳಿದ್ದೀರಿ. ಇದೇ ಪೇಪರನ್ನು ಹಲವು ವರ್ಷ ಪಾಠ ಮಾಡಿದವನು ನಾನು. ಎಷ್ಟು ಲೆಕ್ಕ ಎನ್ನುವ ಚಿಂತೆ ಬಿಡಿ. ಒಂದೇ ಲೆಕ್ಕ ಹಿಡಿದು ಮೂರು ಸಲ ಮಾಡಿ: ಮೊದಲು ಕೈಯಲ್ಲಿ, ಆಮೇಲೆ ಎಕ್ಸೆಲ್‌ನಲ್ಲಿ, ಕೊನೆಗೆ ಅದರ ಷರತ್ತನ್ನು ಮುರಿದು. ಮೂರನೆಯದನ್ನು ತರಗತಿಯಲ್ಲಿ ಸಾಮಾನ್ಯವಾಗಿ ಮಾಡಿಸುವುದಿಲ್ಲ. ಅರ್ಥಶಾಸ್ತ್ರ ಶುರುವಾಗುವುದೇ ಅಲ್ಲಿ.

ಒಂದು ಲೆಕ್ಕ ನೋಡೋಣ. ಒಂದು ಸಹಕಾರ ಸಂಘ 20 ರೈತರಿಗೆ ಬೆಳೆಸಾಲ ಕೊಟ್ಟಿದೆ. ಒಬ್ಬೊಬ್ಬರ ಸಾಲವೂ ಸುಸ್ತಿಯಾಗುವ, ಅಂದರೆ ಹೊತ್ತಿಗೆ ತೀರದೆ ಬಾಕಿ ಉಳಿಯುವ ಸಂಭವ 0.05 ಎಂದಿಟ್ಟುಕೊಳ್ಳಿ. ಇಬ್ಬರು ಅಥವಾ ಹೆಚ್ಚು ಮಂದಿ ಸುಸ್ತಿಯಾಗುವ ಸಂಭವ ಎಷ್ಟು?

ಹೌದು ಇಲ್ಲವೇ ಅಲ್ಲ ಎಂಬ ಎರಡೇ ಫಲಿತಾಂಶ, ಸಾಲ ಪಡೆದವರು ಎಷ್ಟು ಮಂದಿ ಎಂಬುದು ಮೊದಲೇ ನಿಗದಿ, ಎಲ್ಲರಿಗೂ ಒಂದೇ ಸಂಭವ. ಹಾಗಾಗಿ ಬೈನಾಮಿಯಲ್. ಯಾರೂ ಸುಸ್ತಿಯಾಗದಿರುವ ಸಂಭವ 0.95ರ 20ನೇ ಘಾತ, ಅಂದರೆ 0.3585. ಸರಿಯಾಗಿ ಒಬ್ಬರದು 0.3774. ಎರಡನ್ನೂ ಕೂಡಿ 1ರಿಂದ ಕಳೆದರೆ 0.2642. "ಇಬ್ಬರು ಅಥವಾ ಹೆಚ್ಚು" ಎಂದಾಗ ಎರಡರಿಂದ ಇಪ್ಪತ್ತರವರೆಗೆ ಕೂಡುತ್ತಾ ಕೂರಬೇಡಿ, ಪರೀಕ್ಷೆಯಲ್ಲಿ ಸಮಯ ಹೋಗುವುದೇ ಹೀಗೆ. ಇದೇ ಲೆಕ್ಕವನ್ನು ಸರಾಸರಿ 1 (20 × 0.05) ಇಟ್ಟು, ಅಪರೂಪದ ಘಟನೆಗಳ ಎಣಿಕೆಗೆ ಬಳಸುವ ಪಾಯ್ಸಾನ್‌ನಲ್ಲಿ ಮಾಡಿ. ನಾಲ್ಕು ದಶಮಾಂಶಕ್ಕೆ ಅದೇ 0.2642 ಬರುತ್ತದೆ. ಬಿಡಿ ಬಿಡಿ ಸಂಖ್ಯೆಗಳು ಸ್ವಲ್ಪ ಬೇರೆ, ಮೊತ್ತ ಮಾತ್ರ ಕೂಡಿಬರುತ್ತದೆ. ಸಂಭವ ಚಿಕ್ಕದು, ಸಂಖ್ಯೆ ದೊಡ್ಡದು ಆದಾಗ ಪಾಯ್ಸಾನ್ ಸಾಕು ಎಂಬ ಸಾಲು ಪುಸ್ತಕದಲ್ಲಿ ಯಾಕಿದೆ ಎಂದು ಇಲ್ಲಿ ಕಣ್ಣಿಗೆ ಕಾಣುತ್ತದೆ.

ಇನ್ನು ಎಕ್ಸೆಲ್. ಒಂದು ಸಾಲಿನಲ್ಲಿ 20 ಸೆಲ್. ಪ್ರತಿಯೊಂದರಲ್ಲೂ ರ‍್ಯಾಂಡ್ ಫಂಕ್ಷನ್ (0 ಮತ್ತು 1ರ ನಡುವೆ ಯಾವುದೋ ಒಂದು ಸಂಖ್ಯೆ ಕೊಡುವಂಥದ್ದು) 0.05ಕ್ಕಿಂತ ಕಡಿಮೆ ಬಂದರೆ 1, ಇಲ್ಲದಿದ್ದರೆ 0. ಅಂಥ ಸಾವಿರ ಸಾಲು ಎಳೆದು, ಸಾಲಿನ ಕೊನೆಗೆ ಮೊತ್ತ ಹಾಕಿ. ಮೊತ್ತ 2 ಅಥವಾ ಹೆಚ್ಚಿರುವ ಸಾಲುಗಳು 264ರ ಆಸುಪಾಸಿನಲ್ಲಿರುತ್ತವೆ. ಎಫ್9 ಒತ್ತಿದಾಗಲೆಲ್ಲ ಬದಲಾಗುತ್ತವೆ, ಆದರೆ ತೀರಾ ದೂರ ಹೋಗುವುದಿಲ್ಲ. ಆ ಅಲುಗಾಟವನ್ನು ಹತ್ತು ನಿಮಿಷ ನೋಡುತ್ತಾ ಕುಳಿತರೆ ಮುಂದೆ ಬರುವ ಸ್ಟ್ಯಾಂಡರ್ಡ್ ಎರರ್ (ಮಾದರಿಯಿಂದ ಮಾದರಿಗೆ ಉತ್ತರ ಎಷ್ಟು ಅಲುಗುತ್ತದೆ ಎಂಬ ಅಳತೆ) ಪಾಠ ಅರ್ಧ ಮುಗಿದಂತೆ.

ಈಗ ಷರತ್ತು ಮುರಿಯಿರಿ. ಒಬ್ಬರ ಸುಸ್ತಿಗೂ ಇನ್ನೊಬ್ಬರ ಸುಸ್ತಿಗೂ ಸಂಬಂಧವಿಲ್ಲ ಎಂದು ಸದ್ದಿಲ್ಲದೆ ಒಪ್ಪಿಕೊಂಡುಬಿಟ್ಟೆವು. ಇಪ್ಪತ್ತು ಜನವೂ ಒಂದೇ ಊರಿನವರು, ಮಳೆ ಕೈಕೊಟ್ಟರೆ ಎಲ್ಲರಿಗೂ ಕೈಕೊಡುತ್ತದೆ. ಐದು ವರ್ಷದಲ್ಲಿ ಒಂದು ಬರ ಎನ್ನಿ: ಬರದ ವರ್ಷ ಸುಸ್ತಿಯ ಸಂಭವ 0.15, ಉಳಿದ ವರ್ಷ 0.025. ತೂಕ ಹಾಕಿ ಸರಾಸರಿ ತೆಗೆದರೆ ಮತ್ತೆ 0.05. ಅಂದರೆ ಸಂಘದ ಪುಸ್ತಕದಲ್ಲಿ ಸರಾಸರಿ ಏನೂ ಬದಲಾಗಿಲ್ಲ. ಆದರೆ ಸುಸ್ತಿಯಾದವರ ಸಂಖ್ಯೆಯ ವೇರಿಯನ್ಸ್ (ಸರಾಸರಿಯ ಸುತ್ತ ಎಷ್ಟು ಚದುರಿದೆ ಎಂಬ ಅಳತೆ) 0.95 ಇದ್ದದ್ದು 1.9 ಆಯಿತು, ನೇರ ಎರಡು ಪಟ್ಟು. ಐವರು ಅಥವಾ ಹೆಚ್ಚು ಮಂದಿ ಸುಸ್ತಿಯಾಗುವ ಸಂಭವ ಮೊದಲು 0.0026, ಈಗ ಸುಮಾರು 0.034. ಹದಿಮೂರು ಪಟ್ಟು! ಬಡ್ಡಿ ದರ, ಬೆಳೆವಿಮೆ, ಬ್ಯಾಂಕು ತೆಗೆದಿಡಬೇಕಾದ ಮೀಸಲು ಎಲ್ಲವೂ ಈ ವ್ಯತ್ಯಾಸದ ಮೇಲೆ ನಿಂತಿವೆ. ಇದೊಂದನ್ನು ಕೈಯಾರೆ ಮಾಡಿ ನೋಡಿದವರು "ಸ್ವತಂತ್ರ ಘಟನೆಗಳು" ಎಂಬ ಪದವನ್ನು ಮತ್ತೆಂದೂ ಹಾರಿಸಿಕೊಂಡು ಓದುವುದಿಲ್ಲ.

ಪಾಯ್ಸಾನ್‌ಗೆ ಒಂದು ಹಳೆಯ ದತ್ತಾಂಶ ಕೊಡುತ್ತೇನೆ. ಪ್ರಷ್ಯಾದ ಸೈನ್ಯದಲ್ಲಿ ಕುದುರೆ ಒದ್ದು ಸತ್ತವರ ಲೆಕ್ಕವನ್ನು 1898ರಲ್ಲಿ ಬೋರ್ಟ್‌ಕೀವಿಚ್ ಪ್ರಕಟಿಸಿದರು. ಸರಕಿನ ಮೌಲ್ಯ ಬೆಲೆಯಾಗಿ ಬದಲಾಗುವುದು ಹೇಗೆ ಎಂಬ ಮಾರ್ಕ್ಸ್‌ನ ಸಮಸ್ಯೆಯ ಬಗ್ಗೆ ಬರೆದ ಅರ್ಥಶಾಸ್ತ್ರಜ್ಞರೂ ಇವರೇ, ಹಾಗಾಗಿ ನಮ್ಮವರೇ ಎನ್ನಬಹುದು. ಹತ್ತು ದಳ, ಇಪ್ಪತ್ತು ವರ್ಷ, ಒಟ್ಟು 200 ದಾಖಲೆ. ಸಾವೇ ಇಲ್ಲದ್ದು 109, ಒಂದು ಸಾವು 65, ಎರಡು 22, ಮೂರು 3, ನಾಲ್ಕು 1. ಸರಾಸರಿ 0.61, ವೇರಿಯನ್ಸ್ 0.608. ಎರಡೂ ಹೆಚ್ಚುಕಡಿಮೆ ಒಂದೇ ಇರುವುದೇ ಪಾಯ್ಸಾನ್‌ನ ಗುರುತು. ಸೂತ್ರದಿಂದ ಬರುವುದು 108.7, 66.3, 20.2, 4.1, 0.6. ನೀವೇ ಹಾಳೆಯ ಮೇಲೆ ಮಾಡಿ, ಆಮೇಲೆ ನಿಮ್ಮೂರ ಯಾವುದಾದರೂ ಎಣಿಕೆಗೆ ಸರಾಸರಿ, ವೇರಿಯನ್ಸ್ ತೆಗೆದು ನೋಡಿ. ವೇರಿಯನ್ಸ್ ಸರಾಸರಿಗಿಂತ ಬಹಳ ಹೆಚ್ಚಿದ್ದರೆ ಮೇಲಿನ ಬರದ ಕಥೆಯಂಥದ್ದೇ ಏನೋ ನಡೆದಿದೆ ಎಂದು ಅನುಮಾನಿಸಿ.

ಗಂಟೆಯಾಕಾರದ ನಾರ್ಮಲ್ ಬಗ್ಗೆ ಎಚ್ಚರಿಕೆಯ ಮಾತು. ಕಾಣಿಸಿದ್ದಕ್ಕೆಲ್ಲ ಅದನ್ನೇ ಹೊದಿಸುವ ಚಾಳಿ ನಮ್ಮವರಲ್ಲಿದೆ. ಒಂದು ಕಡೆ ಮನೆಗಳ ತಿಂಗಳ ಖರ್ಚಿನ ಸರಾಸರಿ 6,000 ರೂಪಾಯಿ, ಸ್ಟ್ಯಾಂಡರ್ಡ್ ಡೀವಿಯೇಶನ್ (ವೇರಿಯನ್ಸ್‌ನ ವರ್ಗಮೂಲ) 4,000 ಎಂದು ಊಹಿಸಿ. ಇದು ನಾರ್ಮಲ್ ಎಂದರೆ ಝೆಡ್ (ಸರಾಸರಿಯಿಂದ ಎಷ್ಟು ಸ್ಟ್ಯಾಂಡರ್ಡ್ ಡೀವಿಯೇಶನ್ ದೂರ ಎಂಬ ಅಳತೆ) ಮೈನಸ್ 1.5ರ ಕೆಳಗೆ ಶೇ. 6.7ರಷ್ಟು ಮನೆಗಳು ಬೀಳುತ್ತವೆ, ಅಂದರೆ ಆ ಮನೆಗಳ ಖರ್ಚು ಸೊನ್ನೆಗಿಂತ ಕಡಿಮೆ! ಆದಾಯ, ಖರ್ಚು, ಭೂಹಿಡುವಳಿ ಇವೆಲ್ಲ ಬಲಕ್ಕೆ ಬಾಲ ಎಳೆದುಕೊಂಡಿರುತ್ತವೆ. ಲಾಗ್ ತೆಗೆದರೆ ಆಕಾರ ಎಷ್ಟೋ ಸರಿಹೋಗುತ್ತದೆ. ಆದರೆ ಅದೇ ಊರಿನಿಂದ ಮನಬಂದಂತೆ ಅಲ್ಲ, ಯಾದೃಚ್ಛಿಕವಾಗಿ 100 ಮನೆ ಆರಿಸಿ ಸರಾಸರಿ ತೆಗೆಯಿರಿ: ಆ ಸರಾಸರಿ ನಾರ್ಮಲ್‌ಗೆ ಹತ್ತಿರ, ಅದರ ಸ್ಟ್ಯಾಂಡರ್ಡ್ ಎರರ್ 400 (4,000ವನ್ನು 100ರ ವರ್ಗಮೂಲದಿಂದ ಭಾಗಿಸಿದ್ದು), ನೂರರಲ್ಲಿ 95 ಸಲ 6,000ದ ಎರಡೂ ಬದಿಗೆ 784 ರೂಪಾಯಿ (1.96 × 400) ಒಳಗೇ ಇರುತ್ತದೆ. ಮನೆಯ ಖರ್ಚು ಬೇರೆ, ಖರ್ಚಿನ ಸರಾಸರಿ ಬೇರೆ. ಎಂ.ಎ. ಮುಗಿಸಿದವರೂ ಇಲ್ಲಿ ತಡವರಿಸುವುದನ್ನು ಕಂಡಿದ್ದೇನೆ.

ನಾರ್ಮಲ್ ಲೆಕ್ಕದಲ್ಲಿ ಗಂಟೆಯಾಕಾರದ ಚಿತ್ರ ಬರೆದು, ಬೇಕಾದ ಭಾಗಕ್ಕೆ ಗೆರೆ ಹಾಕದೆ ಕೋಷ್ಟಕ ಮುಟ್ಟಬೇಡಿ. ಕೋಷ್ಟಕಗಳೂ ಎರಡು ಬಗೆ. ಝೆಡ್ ಸೊನ್ನೆಯ ಎದುರು 0.5000 ಇದ್ದರೆ ಅದು ಎಡತುದಿಯಿಂದ ಅಳೆದದ್ದು, 0.0000 ಇದ್ದರೆ ನಡುವಿನಿಂದ ಅಳೆದದ್ದು. ಪರೀಕ್ಷಾ ಕೊಠಡಿಯಲ್ಲಿ ಕೊಡುವುದು ಯಾವುದು ಎಂದು ಮೊದಲೇ ವಿಚಾರಿಸಿ, ಮನೆಯಲ್ಲೂ ಅದನ್ನೇ ಬಳಸಿ.