ಉತ್ತರ ಬಾರದ ಡೈಲಾಗ್
ಸೆಕೆಂಡ್ ಲೈಫ್ ಎಂಬ ಆನ್‌ಲೈನ್ ಲೋಕದಲ್ಲಿ ನಿಮ್ಮ ಬಾಗಿಲು ಬಣ್ಣ ಕೇಳುತ್ತದೆ, ಗುಂಡಿ ಒತ್ತಿದರೆ ಮಾತ್ರ ಏನೂ ಆಗುವುದಿಲ್ಲ ಎಂದಿದ್ದೀರಿ. ಗುಂಡಿಗಳ ಪೆಟ್ಟಿಗೆ ತೋರಿಸುವ ಸ್ಕ್ರಿಪ್ಟ್ ಆದೇಶ ಎಲ್‌ಎಲ್‌ಡೈಲಾಗ್ (llDialog) ಉತ್ತರಕ್ಕೆ ಕಾಯುವುದಿಲ್ಲ, ಮೌಲ್ಯವನ್ನೂ ಹಿಂದಿರುಗಿಸುವುದಿಲ್ಲ. ಒತ್ತಿದ ಗುಂಡಿಯ ಹೆಸರು ನೀವು ಕೊಟ್ಟ ಚಾನೆಲ್‌ನಲ್ಲಿ (ಸಂಖ್ಯೆಯಿಂದ ಗುರುತಿಸುವ ಮಾತಿನ ದಾರಿ) ಮಾತಿನಂತೆ ಬಂದು ಬೀಳುತ್ತದೆ. ಹಾಗಾಗಿ ಡೈಲಾಗ್ ತೋರಿಸುವ ಮೊದಲೇ ಅದೇ ಚಾನೆಲ್‌ಗೆ ಮಾತು ಕೇಳಿಸಿಕೊಳ್ಳುವ ಎಲ್‌ಎಲ್‌ಲಿಸನ್ (llListen) ತೆರೆದು, ಬಾಗಿಲು ಮುಟ್ಟಿದವರ ಉತ್ತರವನ್ನು ಮಾತ್ರ ಕೇಳುವಂತೆ ಮಾಡಿ. ಚಾನೆಲ್ ಋಣಸಂಖ್ಯೆಯಾಗಿರಲಿ.

ಡೈಲಾಗ್‌ನಲ್ಲಿರುವ ಇಗ್ನೋರ್ ಗುಂಡಿ ಒತ್ತಿದರೆ ಸ್ಕ್ರಿಪ್ಟ್‌ಗೆ ಸುದ್ದಿಯೇ ಮುಟ್ಟುವುದಿಲ್ಲ! ಆದ್ದರಿಂದ 60 ಸೆಕೆಂಡಿನ ಟೈಮರ್ ಇಟ್ಟು, ಆಮೇಲೆ ಆ ಲಿಸನ್ ತೆಗೆದುಹಾಕಿ.

ಗುಂಡಿಗಳು ಗರಿಷ್ಠ 12. ಒಂದೊಂದರ ಹೆಸರಿಗೆ ಹೆಚ್ಚೆಂದರೆ 24 ಬೈಟ್ (ಕಂಪ್ಯೂಟರಿನಲ್ಲಿ ಬರಹ ಹಿಡಿಸುವ ಜಾಗದ ಅಳತೆ). ಕನ್ನಡದಲ್ಲಿ ಪ್ರತಿ ಅಕ್ಷರವೂ ಕಾಗುಣಿತದ ಪ್ರತಿ ಚಿಹ್ನೆಯೂ ಪ್ರತ್ಯೇಕವಾಗಿ 3 ಬೈಟ್ ತಿನ್ನುತ್ತದೆ. ‘ಆಕಾಶನೀಲಿ’ ಸರಿಯಾಗಿ 24ಕ್ಕೆ ನಿಲ್ಲುತ್ತದೆ, ‘ತಿಳಿ ಹಳದಿ’ ನಡುವಿನ ಖಾಲಿ ಜಾಗದಿಂದಾಗಿ 25 ಆಗಿ ದೋಷ ತೋರಿಸುತ್ತದೆ. ಬಣ್ಣವನ್ನು ಬಾಗಿಲು ಮುಟ್ಟಿದವರೇ ಟೈಪಿಸಬೇಕೆಂದರೆ, ಬರೆಯಲು ಜಾಗ ಕೊಡುವ ಎಲ್‌ಎಲ್‌ಟೆಕ್ಸ್ಟ್‌ಬಾಕ್ಸ್ (llTextBox) ಬಳಸಿ.