ಮೂರು ತಿಂಗಳ ಪ್ರವಾಸಕ್ಕೆ ಚೀಲದಲ್ಲಿ ಏನಿರಲಿ?

ಪ್ರಶ್ನೆ: ಜೂನ್‌ನಿಂದ ಮೂರು ತಿಂಗಳು ರಾಜಸ್ಥಾನ, ಹಿಮಾಚಲ ಸುತ್ತಬೇಕೆಂದಿದ್ದೇವೆ. ಹೋಗುವಾಗ ರೈಲು, ಬರುವಾಗ ವಿಮಾನ. ಚಕ್ರದ ಸೂಟ್‌ಕೇಸ್ ಸಾಕೇ? ಬಟ್ಟೆ ಎಷ್ಟಿರಲಿ? ಮನೆಯ ರೊಟ್ಟಿ ಒಯ್ಯಬಹುದೇ?
– ಓದುಗರೊಬ್ಬರು, ಬಾಗಲಕೋಟೆ

ಉತ್ತರ: ಸೂಟ್‌ಕೇಸ್ ಬೇಡ. ಗುಡ್ಡದ ಊರುಗಳಲ್ಲಿ ಮೆಟ್ಟಿಲು, ಏರು ಹೆಚ್ಚು. ಚಕ್ರವಿದ್ದರೂ ಹೊತ್ತೇ ನಡೆಯಬೇಕು. 40 ಲೀಟರಿನ ಬೆನ್ನುಚೀಲ ಕೊಳ್ಳಿ, ಅದಕ್ಕೆ ಸೊಂಟದ ಪಟ್ಟಿ ಇರಲೇಬೇಕು. ಪಟ್ಟಿಯನ್ನು ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಬಿಗಿಯಿರಿ. ಇಲ್ಲವಾದರೆ ಭಾರವೆಲ್ಲ ಹೆಗಲಿಗೆ ಬಿದ್ದು ಕುತ್ತಿಗೆ ಹಿಡಿಯುತ್ತದೆ. ಅಂಗಡಿಯಲ್ಲೇ 8 ಕೆ.ಜಿ. ತುಂಬಿಸಿ ಹೊತ್ತು ನೋಡಿ. ಖಾಲಿ ಚೀಲ ಎಲ್ಲರ ಬೆನ್ನಿಗೂ ಹಿತವೇ. ಮಳೆಹೊದಿಕೆ ಬೆನ್ನಿನ ಕಡೆಯನ್ನು ಮುಚ್ಚುವುದಿಲ್ಲ, ನೀರು ಅಲ್ಲಿಂದಲೇ ಇಳಿಯುತ್ತದೆ. ಒಳಗೊಂದು ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ, ಅದರಲ್ಲಿ ಬಟ್ಟೆ ತುಂಬಿ.

ಮೂರು ಅಂಗಿ, ಎರಡು ಪ್ಯಾಂಟು, ಐದು ಜೊತೆ ಒಳಉಡುಪು, ಒಂದು ಸ್ವೆಟರ್, ಒಂದು ರೇನ್‌ಕೋಟ್ ಸಾಕು. ಜೀನ್ಸ್ ಮನೆಯಲ್ಲೇ ಬಿಡಿ. ನಮ್ಮ ಬಿಸಿಲಿಗೆ ಕೆಲವೇ ತಾಸಿನಲ್ಲಿ ಒಣಗುವ ಜೀನ್ಸ್, ಮಳೆಗಾಲದ ಗುಡ್ಡದಲ್ಲಿ ಎರಡು ದಿನವಾದರೂ ಹಸಿಯಾಗಿಯೇ ಇದ್ದು ವಾಸನೆ ಹಿಡಿಯುತ್ತದೆ. ತೆಳು ಪಾಲಿಯೆಸ್ಟರ್ ಮೇಲು.

ಖಡಕ್ ರೊಟ್ಟಿ, ಶೇಂಗಾ ಹಿಂಡಿ ಅವಶ್ಯ ಒಯ್ಯಿರಿ, ರೈಲಿನ ದಿನಗಳಿಗೆ ಅದಕ್ಕಿಂತ ಒಳ್ಳೆಯ ಬುತ್ತಿ ಇಲ್ಲ. ರೊಟ್ಟಿ ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ಹಾಕಿ; ಬಿಸಿಯಿದ್ದರೆ ಒಳಗಿನ ಹಬೆಗೆ ಮೆತ್ತಗಾಗಿ ಬೂಸು ಬರುತ್ತದೆ. ಹಿಮಾಚಲ ಮುಟ್ಟುವ ಮೊದಲೇ ಮುಗಿಸಿಬಿಡಿ.

ಪವರ್ ಬ್ಯಾಂಕ್ 20,000 ಎಂಎಎಚ್ ಇರಲಿ. 3.7 ವೋಲ್ಟ್ ಲೆಕ್ಕದಲ್ಲಿ ಅದು 74 ವ್ಯಾಟ್-ಅವರ್. ವಿಮಾನದ ಮಿತಿ 100. ಅದನ್ನು ಕೈಚೀಲದಲ್ಲೇ ಇಡಿ, ಲಗೇಜಿಗೆ ಹಾಕಿದರೆ ತೆಗೆಸುತ್ತಾರೆ. ದಿನನಿತ್ಯದ ಔಷಧಿ, ವೈದ್ಯರ ಚೀಟಿ ಸಹ ಕೈಚೀಲದಲ್ಲೇ ಇರಲಿ.